ಮೈಸೂರಿನಿಂದ ಮೇಲುಕೋಟೆ ಹತ್ತಿ ನಾಗಮಂಗಲಕ್ಕೆ: ಒಂಟಿಯಾಗಿ ಸೈಕಲ್ ತುಳಿಯುವವರಿಗೆ

ಮೈಸೂರಿನಿಂದ ಹಂಪಿಗೆ ಸೈಕಲ್‌ನಲ್ಲಿ ಹೊರಡುವವರು ಮೊದಲ ದಿನ ನಾಗಮಂಗಲದಲ್ಲಿ ತಂಗುವುದು ಅನುಕೂಲ. ಶ್ರೀರಂಗಪಟ್ಟಣ, ಪಾಂಡವಪುರ, ಜಕ್ಕನಹಳ್ಳಿ ಮೂಲಕ ಹೆದ್ದಾರಿ ನೇರವಾಗಿ ಅಲ್ಲಿಗೇ ಒಯ್ಯುತ್ತದೆ. ಮೇಲುಕೋಟೆ ಈ ದಾರಿಗೆ ಸೇರಿದ್ದಲ್ಲ. ಜಕ್ಕನಹಳ್ಳಿಯಲ್ಲಿ ಹೆದ್ದಾರಿ ಬಿಟ್ಟು ಬೆಟ್ಟ ಹತ್ತಬೇಕು, ಮತ್ತೆ ಅಲ್ಲಿಗೇ ಇಳಿಯಬೇಕು. ಹಾಗಾಗಿ ಹಲವರು ಅದನ್ನು ಬಿಟ್ಟು ಮುಂದೆ ಹೋಗುತ್ತಾರೆ. ಬಿಡಬೇಡಿ ಎಂದು ಹೇಳುವುದಕ್ಕಾಗಿಯೇ ಇದನ್ನು ಬರೆಯುತ್ತಿದ್ದೇನೆ. ಹೊರೆ ಕಟ್ಟಿದ ಸೈಕಲ್ ಏರಿನಲ್ಲಿ ಹೇಗೆ ನಡೆದುಕೊಳ್ಳುತ್ತದೆ, ಬ್ರೇಕ್ ಇಳಿಜಾರಿನಲ್ಲಿ ಎಷ್ಟು ಹಿಡಿಯುತ್ತದೆ, ಮೊಣಕಾಲು ಎಷ್ಟು ತಡೆಯುತ್ತದೆ ಎನ್ನುವುದೆಲ್ಲ ಮನೆಗೆ ಹತ್ತಿರವಿರುವಾಗಲೇ, ಬಸ್ ಸಿಗುವ ಜಾಗದಲ್ಲೇ ತಿಳಿದುಬಿಡಬೇಕು. ಹಿರಿಯೂರಿನ ಆಚೆ, ನೆರಳೇ ಇಲ್ಲದ ಬಯಲಿನಲ್ಲಿ ತಿಳಿದರೆ ಏನೂ ಮಾಡಲಾಗದು.

ಮೇಲುಕೋಟೆಯನ್ನೂ ಸೇರಿಸಿದರೆ ದಿನಕ್ಕೆ ಸುಮಾರು 80 ಕಿಲೋಮೀಟರ್. ಅಂಕಿ ನೋಡಿ ಸುಲಭ ಎನ್ನಿಸಬಹುದು. ಆದರೆ ಈ ದಿನವನ್ನು ಬಿಸಿಲು ಮತ್ತು ನೀರಿನ ಲೆಕ್ಕದಲ್ಲಿ ಹಾಕಿಕೊಳ್ಳಬೇಕು. ಬೆಳಿಗ್ಗೆ ಹತ್ತಕ್ಕೆ ಮೊದಲು ಬೆಟ್ಟದ ಮೇಲಿರಬೇಕು. ಹತ್ತು ದಾಟಿದರೆ ಅದೇ ಏರು ಎರಡರಷ್ಟಾಗುತ್ತದೆ. ಬಂಡೆಗಳು ಕಾದು ಶಾಖ ಉಗುಳತೊಡಗುತ್ತವೆ. ಐದೂವರೆಗೆ ಮೈಸೂರು ಬಿಟ್ಟರೆ ಅವಸರವಿಲ್ಲದೆ ತಲುಪಬಹುದು. ಮುಂದೆ ಹಿಂದೆ ದೀಪ, ಮೈಮೇಲೆ ಬೆಳಕಿಗೆ ಹೊಳೆಯುವ ಅಂಗಿ ಇರಲೇಬೇಕು.

ಮೈಸೂರು ಬಿಡುವ ದಾರಿಯನ್ನು ಹಿಂದಿನ ರಾತ್ರಿಯೇ ಗೊತ್ತುಮಾಡಿಕೊಳ್ಳಿ. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ಪಥದಲ್ಲಿ 2023ರ ಆಗಸ್ಟ್ 1ರಿಂದ ಬೈಕು, ಆಟೋ, ಟ್ರ್ಯಾಕ್ಟರ್‌ಗಳಿಗೆ ಇರುವ ನಿಷೇಧ ಸೈಕಲ್‌ಗೂ ಇದೆ. ಸರ್ವಿಸ್ ರಸ್ತೆಯಲ್ಲಿ ಹೋಗಬಹುದು. ಆದರೆ ಅಲ್ಲಿ ಎದುರು ದಿಕ್ಕಿನಿಂದ ಬರುವ ಬೈಕುಗಳ ಕಾಟ. ನನಗೆ ಹಿಡಿಸಿದ್ದು ಮೇಟಗಳ್ಳಿ ಕಡೆಯಿಂದ ಕೆ.ಆರ್.ಎಸ್. ರಸ್ತೆಗೆ ಬಂದು, ಬೆಳಗೊಳ ದಾಟಿ, ಪಾಲಹಳ್ಳಿ ಮೂಲಕ ಶ್ರೀರಂಗಪಟ್ಟಣ ಸೇರುವ ದಾರಿ. ಸ್ವಲ್ಪ ಸುತ್ತು ನಿಜ. ಆದರೆ ಎರಡೂ ಕಡೆ ಗದ್ದೆ, ನಾಲೆ, ತೆಂಗು. ಬೆಳಗಿನ ತಂಪು ಅಲ್ಲಿ ಇನ್ನೂ ಒಂದು ಗಂಟೆ ಹೆಚ್ಚು ನಿಲ್ಲುತ್ತದೆ. ಮೈಸೂರಿನಿಂದ ಕಾವೇರಿಯವರೆಗೆ ಬಹುಪಾಲು ಇಳಿಜಾರಾದ್ದರಿಂದ ಕಾಲಿಗೆ ಶ್ರಮವಿಲ್ಲ. ಇಲ್ಲಿ ವೇಗ ಬರುತ್ತದೆ ಎಂದು ದೊಡ್ಡ ಗೇರಿನಲ್ಲಿ ಒತ್ತಿ ತುಳಿಯಬೇಡಿ. ಆ ಶಕ್ತಿ ಜಕ್ಕನಹಳ್ಳಿಯ ನಂತರ ಬೇಕು.

ಶ್ರೀರಂಗಪಟ್ಟಣದಲ್ಲಿ ಇಡ್ಲಿ ತಿಂದು ಹೊರಡಿ. ಕೋಟೆ, ದೇವಸ್ಥಾನ, ಗುಂಬಜ್ ನೋಡಲು ಬೇರೆ ದಿನ ಬನ್ನಿ. ನದಿ ದಾಟಿದ ಮೇಲೆ ಕಿರಂಗೂರಿನಲ್ಲಿ ಪಾಂಡವಪುರದ ರಸ್ತೆ ಎಡಕ್ಕೆ ಕವಲೊಡೆಯುತ್ತದೆ. ಶ್ರೀರಂಗಪಟ್ಟಣ ದಸರಾದ ಮೆರವಣಿಗೆ ಶುರುವಾಗುವ ಬನ್ನಿಮಂಟಪ ಇರುವುದು ಈ ಊರಿನಲ್ಲೇ. ರಾಜ ಒಡೆಯರು 1610ರಲ್ಲಿ ದಸರಾ ಆರಂಭಿಸಿದ್ದು ಶ್ರೀರಂಗಪಟ್ಟಣದಲ್ಲಿ ಎನ್ನುವುದನ್ನು ಮೈಸೂರಿನವರಾದ ನಾವು ಆಗಾಗ ಮರೆಯುತ್ತೇವೆ.

ಪಾಂಡವಪುರ ಹತ್ತಿರವಾಗುತ್ತಿದ್ದಂತೆ ಕುಂತಿಬೆಟ್ಟದ ಜೋಡಿ ಬಂಡೆಗಳು ಕಾಣುತ್ತವೆ. ಹೈದರ್ ಮತ್ತು ಟಿಪ್ಪುವಿನ ಸೇವೆಯಲ್ಲಿದ್ದ ಫ್ರೆಂಚ್ ಪಡೆಗಳು ಬೀಡುಬಿಟ್ಟಿದ್ದರಿಂದ ಈ ಊರಿಗೆ ಫ್ರೆಂಚ್ ರಾಕ್ಸ್ ಎಂಬ ಹೆಸರಿತ್ತು. ಸುತ್ತಮುತ್ತ ಕಬ್ಬು, ಮತ್ತೆ ಕಬ್ಬು. ಸಕ್ಕರೆ ಕಾರ್ಖಾನೆ ಕಬ್ಬು ಅರೆಯುವ ದಿನಗಳಲ್ಲಿ ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರ್‌ಗಳು ಸಾಲಾಗಿ ಬರುತ್ತವೆ. ಹೊರಚಾಚಿದ ಜಲ್ಲೆಗಳು ಸೈಕಲ್ ಸವಾರರ ಭುಜದ ಎತ್ತರದಲ್ಲೇ ಇರುತ್ತವೆ, ಹಿಂದಿನ ಟ್ರೇಲರ್ ತಿರುವಿನಲ್ಲಿ ಒಳಕ್ಕೆ ಎಳೆಯುತ್ತದೆ. ಅವುಗಳ ಪಕ್ಕದಲ್ಲಿ ಹೋಗಬೇಡಿ. ಹಿಂದಿನಿಂದ ಬರುತ್ತಿದ್ದರೆ ರಸ್ತೆ ಬಿಟ್ಟು ಇಳಿದು ನಿಂತುಬಿಡಿ. ಅರ್ಧ ನಿಮಿಷದ ಕೆಲಸ.

ಆದರೆ ಆಲೆಮನೆ ಕಂಡರೆ ಖಂಡಿತ ನಿಲ್ಲಿ. ಗಾಣದ ಸದ್ದು ಕೇಳುವ ಮೊದಲೇ ಬೆಲ್ಲದ ವಾಸನೆ ಮೂಗಿಗೆ ಬರುತ್ತದೆ. ನಾನು ನಿಂತ ಕಡೆ ಅಂಗಳದ ತುಂಬ ಕಬ್ಬಿನ ಸಿಪ್ಪೆ ಒಣಹಾಕಿದ್ದರು. ಒಲೆಗೆ ಅದೇ ಉರುವಲು. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುತ್ತಿತ್ತು. ಒಬ್ಬರು ಉದ್ದ ಹಿಡಿಯ ಜಾಲರಿಯಿಂದ ಮೇಲೆ ಬಂದ ಕಪ್ಪು ನೊರೆಯನ್ನು ಅಂಚಿನಿಂದ ಅಂಚಿಗೆ ಎಳೆದು ತೆಗೆಯುತ್ತಿದ್ದರು. ಪ್ರತಿ ಸಲ ತೆಗೆದಾಗಲೂ ಕೆಳಗಿನ ಹಾಲು ಇನ್ನಷ್ಟು ತಿಳಿಯಾಗಿ ಹೊನ್ನಿನ ಬಣ್ಣಕ್ಕೆ ತಿರುಗುತ್ತಿತ್ತು. “ಒಬ್ಬಳೇ ಹೊರಟಿದ್ದೀಯೇನವ್ವಾ? ಮನೆಯಲ್ಲಿ ಹೇಳಿ ಬಂದಿದ್ದೀಯ ತಾನೇ?” ಎಂದು ವಿಚಾರಿಸುತ್ತಲೇ ಅಲ್ಲಿನ ಯಜಮಾನರು ಲೋಟ ತುಂಬಿಸಿ ಕೊಟ್ಟರು. ಹೇಳಿ ಬಂದಿದ್ದೇನೆ ಯಜಮಾನರೇ, ಸಂಜೆ ನಾಗಮಂಗಲ ಮುಟ್ಟಿ ಫೋನ್ ಮಾಡುತ್ತೇನೆ ಎಂದ ಮೇಲೆ ಅವರಿಗೆ ಸಮಾಧಾನ. ದುಡ್ಡು ಮುಟ್ಟಲಿಲ್ಲ. ಒಂದು ಅಚ್ಚು ಬೆಲ್ಲ ಕೊಳ್ಳುತ್ತೇನೆ ಎಂದಾಗ ಅದಕ್ಕೆ ಮಾತ್ರ ತೆಗೆದುಕೊಂಡರು. ಒಂಟಿಯಾಗಿ ಹೊರಡುವ ಹೆಂಗಸರಿಗೆ ಈ ಪ್ರಶ್ನೆ ದಾರಿಯುದ್ದಕ್ಕೂ ಎದುರಾಗುತ್ತದೆ. ಬೇಸರಪಡದೆ ನೇರವಾಗಿ ಉತ್ತರಿಸಿ. ಹಾಗೆ ಕೇಳಿದವರೇ ಮುಂದಿನ ರಸ್ತೆ ಹೇಗಿದೆ, ಎಲ್ಲಿ ನಿಲ್ಲಬಾರದು ಎನ್ನುವುದನ್ನೂ ಹೇಳುತ್ತಾರೆ. ಆದರೆ ಯುವಕರು ಬೈಕಿನಲ್ಲಿ ಜೊತೆಜೊತೆಗೆ ಬಂದು ರಾತ್ರಿ ಎಲ್ಲಿ ತಂಗುತ್ತೀರಿ ಎಂದು ಕೇಳಿದರೆ ಊರಿನ ಹೆಸರು ಹೇಳಬೇಕಾಗಿಲ್ಲ. ಮುಂದಿನ ಅಂಗಡಿಯ ಬಳಿ ನಿಂತು ಅವರು ಹೋಗುವವರೆಗೆ ಕಾಯಿರಿ.

ಕಬ್ಬಿನ ಹಾಲು ಒಂದು ಲೋಟಕ್ಕೆ ಸಾಕು. ಏರಿಗೆ ಮುಂಚೆ ಹೊಟ್ಟೆ ತುಂಬ ಕುಡಿದರೆ ಉಬ್ಬರ. ಬೆಲ್ಲ ಮತ್ತು ಹುರಿದ ಕಡಲೆಬೀಜವನ್ನು ಜೇಬಿನಲ್ಲಿ ಇಟ್ಟುಕೊಂಡು ಅರ್ಧ ಗಂಟೆಗೊಮ್ಮೆ ಸ್ವಲ್ಪ ಬಾಯಿಗೆ ಹಾಕಿಕೊಳ್ಳುವುದು ನನಗೆ ಯಾವ ದುಬಾರಿ ಪೊಟ್ಟಣಕ್ಕಿಂತಲೂ ಚೆನ್ನಾಗಿ ಒದಗಿದೆ.

ಪಾಂಡವಪುರದ ಸುತ್ತಲಿನ ನಾಲೆ ರಸ್ತೆಗಳ ಬಗ್ಗೆ ಒಂದು ಎಚ್ಚರಿಕೆ. ನಕ್ಷೆಯಲ್ಲಿ ಅವು ಹತ್ತಿರದ, ನೆರಳಿನ ದಾರಿಗಳಾಗಿ ಕಾಣುತ್ತವೆ. ಎಷ್ಟೋ ಕಡೆ ತಡೆಗೋಡೆ ಇಲ್ಲ, ನಾಲೆಯ ಹರಿವು ಬಿರುಸು, ದಡ ಕಡಿದಾಗಿದೆ. 2018ರ ನವೆಂಬರ್‌ನಲ್ಲಿ ಕನಗನಮರಡಿ ಬಳಿ ಬಸ್ ವಿಶ್ವೇಶ್ವರಯ್ಯ ನಾಲೆಗೆ ಉರುಳಿ 30 ಜನ ತೀರಿಕೊಂಡರು. ಶಾಲೆಯಿಂದ ಮನೆಗೆ ಹೊರಟಿದ್ದ ಮಕ್ಕಳೂ ಅದರಲ್ಲಿದ್ದರು. ನಸುಕಿನಲ್ಲಾಗಲಿ ಕತ್ತಲಲ್ಲಾಗಲಿ ಆ ದಾರಿ ಹಿಡಿಯಬೇಡಿ. ಕಾಲು ತೊಳೆಯಲು ನಾಲೆಗೆ ಇಳಿಯುವುದಂತೂ ಬೇಡವೇ ಬೇಡ.

ಪಾಂಡವಪುರದಲ್ಲಿ ಇರುವ ಬಾಟಲಿಗಳನ್ನೆಲ್ಲ ತುಂಬಿಸಿಕೊಳ್ಳಿ. ಊರು ಬಿಟ್ಟು ಉತ್ತರಕ್ಕೆ ಹೋದಂತೆ ಗದ್ದೆಯ ಹಸಿರು ಹಿಂದೆ ಸರಿಯುತ್ತದೆ. ರಾಗಿ, ಹುರುಳಿ, ತೆಂಗು, ನಡುನಡುವೆ ಬೋಳು ಬಂಡೆ. ನಾಲೆಯ ನೀರು ಎತ್ತರಕ್ಕೆ ಹತ್ತುವುದಿಲ್ಲ, ಆದ್ದರಿಂದ ಹಸಿರು ತೆಳುವಾದ ಕಡೆಯಿಂದ ನೆಲ ಏರತೊಡಗಿದೆ ಎಂದೇ ತಿಳಿಯಬೇಕು. ಕಣ್ಣಿಗೆ ಸಮತಟ್ಟಾಗಿ ಕಂಡರೂ ಕಾಲಿಗೆ ಗೊತ್ತಾಗುತ್ತದೆ. ಹೊತ್ತು ಕೈಯಲ್ಲಿದ್ದರೆ ಹೆದ್ದಾರಿಯಿಂದ ಸ್ವಲ್ಪ ಒಳಗಿರುವ ಕೆರೆತೊಣ್ಣೂರಿಗೆ ಹೋಗಿಬರಬಹುದು. ಬೆಟ್ಟಗಳ ನಡುವಿನ ಆ ಕೆರೆಯ ನೀರು ತಿಳಿಯಾಗಿದೆ, ಹೊಯ್ಸಳರ ಕಾಲದ ನಂಬಿನಾರಾಯಣ ದೇವಸ್ಥಾನವಿದೆ. ಏಳೂವರೆಯೊಳಗೆ ಅಲ್ಲಿಗೆ ತಲುಪುವುದಾದರೆ ಮಾತ್ರ ಹೋಗಿ ಎನ್ನುವುದು ನನ್ನ ಸಲಹೆ.

ಡಿಸೆಂಬರ್, ಜನವರಿಯಲ್ಲಿ ಹೋಗುವವರಿಗೆ ಈ ರಸ್ತೆಯಲ್ಲಿ ಇನ್ನೊಂದು ತೊಡಕಿದೆ. ರೈತರು ರಾಗಿ, ಹುರುಳಿಯನ್ನು ಡಾಂಬರಿನ ಮೇಲೆಯೇ ಹರಡಿ ವಾಹನಗಳ ಚಕ್ರದಿಂದ ಒಕ್ಕಣೆ ಮಾಡಿಸಿಕೊಳ್ಳುತ್ತಾರೆ. ಕಾರಿಗೆ ಏನೂ ಆಗದು. ಸೈಕಲ್‌ಗೆ ಹಾಗಲ್ಲ. ಹುರುಳಿಯ ಬಳ್ಳಿ ದಾರದಷ್ಟು ಗಟ್ಟಿ. ಹಿಂದಿನ ಚಕ್ರಕ್ಕೆ ಸುತ್ತಿಕೊಂಡು ಹಲ್ಲುಗಳ ಸಂದಿಗೆ ಇಳಿದು ಗೇರು ಬದಲಿಸುವ ತೋಳನ್ನು ಎಳೆದು ಬಾಗಿಸಬಲ್ಲದು. ಅಂಥ ಕಡೆ ಇಳಿದು ಸೈಕಲ್ ಎತ್ತಿಕೊಂಡು ದಾಟಿ. ಆಮೇಲೆ ಪೆಡಲನ್ನು ಹಿಂದಕ್ಕೆ ತಿರುಗಿಸಿ, ಸಂದಿಯಲ್ಲಿ ಸಿಕ್ಕ ನಾರನ್ನೆಲ್ಲ ಬೆರಳಿನಿಂದ ಕಿತ್ತು ಮುಂದೆ ಹೊರಡಿ. ರಸ್ತೆಯಂಚಿನ ಜಾಲಿಮುಳ್ಳಿಗೆ ಎರಡು ಟ್ಯೂಬು, ಪಂಪು, ಪ್ಯಾಚು ಜೊತೆಗಿರಲಿ. ಹಳ್ಳಿಯ ಪಂಕ್ಚರ್ ಅಂಗಡಿಯ ಗಾಳಿಯಂತ್ರ ಬೈಕಿನ ವಾಲ್ವಿಗೆ ಹೊಂದುವಂಥದ್ದು. ನಿಮ್ಮದು ತೆಳುವಾದ ಪ್ರೆಸ್ಟಾ ವಾಲ್ವ್ ಆಗಿದ್ದರೆ ಹಿತ್ತಾಳೆಯ ಚಿಕ್ಕ ಅಡಾಪ್ಟರ್ ಒಂದನ್ನು ಕೀಲಿಗೊಂಚಲಿಗೆ ಸಿಕ್ಕಿಸಿಕೊಂಡಿರಿ.

ಜಕ್ಕನಹಳ್ಳಿಯಲ್ಲಿ ಎಳನೀರು ಕುಡಿದು ಎಡಕ್ಕೆ ತಿರುಗಿದರೆ ಏರು ಶುರು. ತಿರುಗುವ ಮೊದಲೇ ಸಣ್ಣ ಗೇರಿಗೆ ಬನ್ನಿ. ಏರಿನ ಮಧ್ಯೆ ಒತ್ತಿ ತುಳಿಯುತ್ತ ಗೇರು ಬದಲಿಸಿದರೆ ಚೈನು ಜಾರುತ್ತದೆ, ಕೆಲವೊಮ್ಮೆ ತುಂಡಾಗುತ್ತದೆ. ಹೊರೆಯೆಲ್ಲ ಹಿಂದೆಯೇ ಇದ್ದರೆ ಕಡಿದಾದ ಕಡೆ ಮುಂದಿನ ಚಕ್ರ ಹಗುರಾಗಿ ಹ್ಯಾಂಡಲ್ ಅತ್ತಿತ್ತ ಆಡುತ್ತದೆ. ನೀರು, ಬೀಗ, ಸಲಕರಣೆಗಳಂಥ ಭಾರದ ವಸ್ತುಗಳನ್ನು ಮುಂದಕ್ಕೆ, ಕೆಳಕ್ಕೆ ತನ್ನಿ, ಬಟ್ಟೆ ಹಿಂದಿರಲಿ. ಸೀಟಿನ ಮೇಲೆ ಕುಳಿತೇ, ಮಾತಾಡಲು ಆಗುವಷ್ಟು ಉಸಿರು ಉಳಿಸಿಕೊಂಡು ತುಳಿಯಿರಿ. ಉಸಿರು ಕಟ್ಟಿತೆಂದರೆ ಇಳಿದು ತಳ್ಳಿ. ತಳ್ಳುವಾಗ ಬೇರೆ ಸ್ನಾಯುಗಳು ದುಡಿಯುತ್ತವೆ, ತೊಡೆಗೆ ಬಿಡುವು ಸಿಗುತ್ತದೆ. ಸುತ್ತಲಿನ ಕುರುಚಲು ಕಾಡನ್ನು 1974ರಲ್ಲಿ ತೋಳಗಳ ರಕ್ಷಣೆಗೆಂದು ವನ್ಯಜೀವಿಧಾಮವಾಗಿ ಘೋಷಿಸಿದ್ದಾರೆ. ಚಿರತೆಯೂ ಓಡಾಡುವ ಸೀಮೆ ಇದು. ಕತ್ತಲಾದ ಮೇಲೆ ಇಲ್ಲಿ ಹತ್ತುವುದೂ ಬೇಡ, ಇಳಿಯುವುದೂ ಬೇಡ.

ಮೇಲುಕೋಟೆಯಲ್ಲಿ ಮೊದಲು ಸೈಕಲ್‌ಗೆ ಜಾಗ ನೋಡಿಕೊಳ್ಳಿ. ಕಲ್ಯಾಣಿಯ ಬಳಿ ಕೋತಿಗಳಿವೆ. ಬ್ಯಾಗಿನ ಜಿಪ್ ತೆರೆಯುವುದು ಅವುಗಳಿಗೆ ಚೆನ್ನಾಗಿ ಗೊತ್ತು. ತಿನ್ನುವ ಪದಾರ್ಥವೆಲ್ಲ ಹೋಟೆಲಿನವರ ಬಳಿ ಇಟ್ಟು, ಅವರ ಬಾಗಿಲಿನ ಎದುರೇ ಬೀಗ ಹಾಕಿ ನಿಲ್ಲಿಸುವುದು ಸುರಕ್ಷಿತ. ಅವರಲ್ಲೇ ಪುಳಿಯೋಗರೆ ತಿನ್ನಿ. ಹುಣಸೆ, ಎಳ್ಳು, ಮೆಣಸು, ಎಣ್ಣೆ ಎಲ್ಲ ಹದವಾಗಿ ಬೆರೆತ ಈ ಪುಳಿಯೋಗರೆಯ ರುಚಿ ಬೆವರು ಹರಿಸಿ ಬಂದವರ ನಾಲಿಗೆಗೆ ಬೇರೆಯೇ. ಕಳೆದುಕೊಂಡ ಉಪ್ಪೂ ಮೈಗೆ ಸೇರುತ್ತದೆ. ಗೊಜ್ಜಿನ ಪೊಟ್ಟಣ ಕೊಂಡಿಟ್ಟುಕೊಳ್ಳಿ, ಮುಂದಿನ ಊರುಗಳಲ್ಲಿ ಬರಿಯ ಅನ್ನ ಸಿಕ್ಕರೂ ಊಟವಾಗುತ್ತದೆ.

ಚೆಲುವನಾರಾಯಣಸ್ವಾಮಿ ದೇವಸ್ಥಾನ ಮಧ್ಯಾಹ್ನ ಮುಚ್ಚುವುದರಿಂದ ಮೊದಲು ಅಲ್ಲಿಗೆ ಹೋಗಿ. ರಾಮಾನುಜಾಚಾರ್ಯರು 12ನೇ ಶತಮಾನದಲ್ಲಿ ವರ್ಷಗಟ್ಟಲೆ ನೆಲೆಸಿದ್ದ ಊರು ಇದು. ಯೋಗನರಸಿಂಹನ ಬೆಟ್ಟದ ಮೆಟ್ಟಿಲುಗಳನ್ನು ಹತ್ತಬೇಕೋ ಬೇಡವೋ ಎಂದು ನಿಮ್ಮ ಮೊಣಕಾಲನ್ನು ಕೇಳಿ. ಹತ್ತುವುದಾದರೆ ನಿಧಾನ, ಇಳಿಯುವಾಗ ಇನ್ನೂ ನಿಧಾನ. ಮೇಲಿನಿಂದ ನೀವು ಬಂದ ದಾರಿ, ದೂರದ ಹಸಿರು ಬಯಲು, ಅದರ ಈಚೆಯ ಕಂದು ನೆಲ ಎಲ್ಲವೂ ಒಂದೇ ನೋಟಕ್ಕೆ ಸಿಗುತ್ತವೆ. ಬಿಸಿಲಿಳಿಯುವವರೆಗೆ ಕಲ್ಯಾಣಿಯ ಸುತ್ತಲಿನ ಮಂಟಪದ ನೆರಳಿನಲ್ಲಿ ಮಲಗಿ ವಿಶ್ರಾಂತಿ ಪಡೆಯಿರಿ. ಶೌಚಾಲಯವನ್ನು ಇಲ್ಲಿಯೇ ಬಳಸಿಕೊಳ್ಳುವುದು ಒಳ್ಳೆಯದು. ಮುಂದೆ ಪೆಟ್ರೋಲ್ ಬಂಕೇ ಗತಿ. ವೈರಮುಡಿ ಉತ್ಸವದ ದಿನಗಳಲ್ಲಿ, ಅಂದರೆ ಮಾರ್ಚ್–ಏಪ್ರಿಲ್ ಹೊತ್ತಿಗೆ, ಈ ರಸ್ತೆಯಲ್ಲಿ ಸೈಕಲ್ ತರಬೇಡಿ. ಆ ಜನಜಂಗುಳಿಯಲ್ಲಿ ಬಸ್ಸಿನಲ್ಲಿ ಬಂದು ನಡೆದೇ ನೋಡಬೇಕು.

ಮೂರೂವರೆಗೆ ಹೊರಡಿ. ಇಳಿಯುವ ಮೊದಲು ಬ್ರೇಕ್ ಪ್ಯಾಡು, ಹೊರೆಯ ಹಗ್ಗ ಎರಡನ್ನೂ ಎಳೆದು ನೋಡಿ. ತುದಿಯಿಂದ ಬುಡದವರೆಗೆ ಬ್ರೇಕ್ ಒತ್ತಿಕೊಂಡೇ ಇದ್ದರೆ ರಿಮ್ ಕಾಯುತ್ತದೆ. ತಿರುವಿಗೆ ಮುಂಚೆ ಗಟ್ಟಿಯಾಗಿ ಹಿಡಿದು ವೇಗ ತಗ್ಗಿಸಿ, ತಿರುವಿನಲ್ಲಿ ಬಿಟ್ಟುಬಿಡಿ, ಮೈಯನ್ನು ಸೀಟಿನ ಹಿಂಭಾಗಕ್ಕೆ ಸರಿಸಿಕೊಳ್ಳಿ. ಜಕ್ಕನಹಳ್ಳಿಯಿಂದ ನಾಗಮಂಗಲದವರೆಗೆ ಏರಿಳಿತದ ರಸ್ತೆ. ಬಣ್ಣ ಬಳಿಯದ ಉಬ್ಬುಗಳು ಊರಿನ ಬಾಗಿಲಲ್ಲೆಲ್ಲ ಇರುತ್ತವೆ. ಗಾಳಿಯ ಲೆಕ್ಕವೂ ಇರಲಿ: ಮುಂಗಾರಿನಲ್ಲಿ ಅದು ಪಶ್ಚಿಮ, ನೈರುತ್ಯದಿಂದ ಬೀಸಿ ಉತ್ತರಕ್ಕೆ ಹೋಗುವವರಿಗೆ ಅಷ್ಟಿಷ್ಟು ನೆರವಾಗುತ್ತದೆ, ಚಳಿಗಾಲದಲ್ಲಿ ಈಶಾನ್ಯದಿಂದ ಮುಖಕ್ಕೇ ಬೀಸುತ್ತದೆ. ಚಳಿಗಾಲದಲ್ಲಿ ಹೋಗುವವರು ಈ ಭಾಗಕ್ಕೆ ಅರ್ಧ ಗಂಟೆ ಹೆಚ್ಚು ಇಟ್ಟುಕೊಳ್ಳಿ. ನಾಯಿಗಳು ಅಟ್ಟಿಸಿಕೊಂಡು ಬಂದರೆ ವೇಗ ಹೆಚ್ಚಿಸಬೇಡಿ. ಇಳಿದು ಸೈಕಲ್ಲನ್ನು ನಡುವೆ ಇಟ್ಟುಕೊಂಡು ನಡೆದರೆ ಅವು ಸುಮ್ಮನಾಗುತ್ತವೆ.

ನಾಗಮಂಗಲದಲ್ಲಿ ಲಾಡ್ಜ್ ಗೊತ್ತುಮಾಡುವಾಗ ಬಾಡಿಗೆಗೆ ಮುಂಚೆ ಸೈಕಲ್ಲನ್ನು ಕೋಣೆಯೊಳಗೆ ಬಿಡುತ್ತಾರೆಯೇ ಎಂದು ಕೇಳಿ. ಬೆಳಕಿದ್ದರೆ ಸೌಮ್ಯಕೇಶವ ದೇವಸ್ಥಾನಕ್ಕೆ ಹೋಗಿಬನ್ನಿ, ಹೊಯ್ಸಳರ ಕೆತ್ತನೆ ಅಲ್ಲಿದೆ. ರಾತ್ರಿ ಮುದ್ದೆ, ಸೊಪ್ಪಿನ ಸಾರು. ಮಲಗುವ ಮುನ್ನ ಚೈನನ್ನು ಒಣಬಟ್ಟೆಯಿಂದ ಒರೆಸಿ ಎಣ್ಣೆ ಬಿಡಿ. ಮರುದಿನ ಬೆಳ್ಳೂರು ಕ್ರಾಸ್‌ನಲ್ಲಿ ಬೆಂಗಳೂರು–ಹಾಸನ ಹೆದ್ದಾರಿಯನ್ನು ದಾಟಬೇಕು. ಲಾರಿಗಳ ಸಾಲು ದಟ್ಟವಾಗುವ ಮೊದಲು, ಏಳರೊಳಗೆ ದಾಟುವಂತೆ ಅಲಾರಾಂ ಇಟ್ಟು ಮಲಗಿ.