ಗಣಿ ಮುಚ್ಚಿದ ಊರಿನ ಹಾಕಿ ತಂಡ

16 ಆಗಸ್ಟ್ 2025, ಶನಿವಾರ
ಫ್ಲಿನ್ ಫ್ಲಾನ್, ಕೆನಡಾ

ವಿನ್ನಿಪೆಗ್‌ನಿಂದ ಇಲ್ಲಿಗೆ ಎಂಟು ಗಂಟೆಗೂ ಜಾಸ್ತಿ ದಾರಿ. ಮಗನಿಗೆ ಐಸ್ ಹಾಕಿ ಹುಚ್ಚು, ನನಗೆ ಗಣಿ ಊರು ಅಂದರೆ ಸೆಳೆತ. ನಾನು ಹುಟ್ಟಿದ್ದು ಕೆಜಿಎಫ್‌ನಲ್ಲಿ. 2001ರಲ್ಲಿ ಚಿನ್ನದ ಗಣಿ ಮುಚ್ಚಿತು, ಅಪ್ಪನ ಕೆಲಸ ಹೋಯಿತು, ನಾವು ಬೆಂಗಳೂರಿಗೆ ಬಂದೆವು. ನಮ್ಮ ಬೀದಿಯ ಫುಟ್‌ಬಾಲ್ ತಂಡದ ಹುಡುಗರೂ ಒಬ್ಬೊಬ್ಬರಾಗಿ ಊರು ಬಿಟ್ಟರು. ಆ ತಂಡ ಮತ್ತೆ ಕೂಡಲೇ ಇಲ್ಲ. ಗಣಿ ಮುಚ್ಚಿದ ಮೇಲೂ ತಂಡ ಉಳಿಸಿಕೊಂಡ ಊರು ಒಂದಿದೆ ಅಂತ ಗೊತ್ತಾದಾಗಿನಿಂದ ಇಲ್ಲಿಗೆ ಬರಬೇಕು ಅನ್ನಿಸುತ್ತಿತ್ತು.

ಊರು ಪೂರ್ತಿ ಬಂಡೆಯ ಮೇಲೆ ಕೂತಿದೆ. ನೆಲ ಅಗೆಯುವುದೇ ಕಷ್ಟ, ಅದಕ್ಕೆ ಚರಂಡಿ ಪೈಪುಗಳನ್ನು ಎಷ್ಟೋ ಕಡೆ ನೆಲದ ಮೇಲೆಯೇ ಮರದ ಪೆಟ್ಟಿಗೆಯೊಳಗೆ ಹಾಯಿಸಿದ್ದಾರೆ. ಜನ ಆ ಪೆಟ್ಟಿಗೆಗಳ ಮೇಲೇ ನಡೆದು ಓಡಾಡುತ್ತಾರೆ. ತಾಮ್ರ, ಸತುವಿನ ಗಣಿಗಾಗಿ ಹುಟ್ಟಿದ ಊರು ಇದು. ಗಣಿ ಕಂಪನಿ ಶುರುವಾಗಿದ್ದು 1927ರಲ್ಲಿ, ಬಾಂಬರ್ಸ್ ತಂಡವೂ 1927ರಲ್ಲೇ. ರೈಲು ಬರುವ ಮೊದಲೇ ಹಾಕಿ ತಂಡ ಬಂದಿತ್ತು!

ತಂಡದ ಮನೆ ವಿಟ್ನಿ ಫೋರಂ. ಬಾಗಿಲು ಹಾಕಿತ್ತು. ನಾವು ಗಾಜಿನಲ್ಲಿ ಇಣುಕುತ್ತಿದ್ದಾಗ ಒಬ್ಬ ಹಿರಿಯರು ಬಂದು ಮಾತಿಗೆ ನಿಂತರು. ಗಣಿಯಲ್ಲಿ ದುಡಿದು ನಿವೃತ್ತರಾದವರು. ಕೆಜಿಎಫ್ ಗಣಿ ಸುಮಾರು ಎರಡು ಮೈಲಿ ಆಳ ಇತ್ತು ಅಂದಾಗ ನನ್ನ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ಆಮೇಲೆ ಒಂದೂವರೆ ಗಂಟೆ ಕಳೆದದ್ದೇ ತಿಳಿಯಲಿಲ್ಲ.

1957ರಲ್ಲಿ ಅವರು ಹತ್ತು ವರ್ಷದ ಹುಡುಗ. ಆ ವರ್ಷ ಬಾಂಬರ್ಸ್ ಮೆಮೋರಿಯಲ್ ಕಪ್ ಗೆದ್ದರು. ಮೊದಲ ಮಹಾಯುದ್ಧದಲ್ಲಿ ಸತ್ತ ಸೈನಿಕರ ನೆನಪಿಗೆ 1919ರಲ್ಲಿ ಶುರುವಾದ ಕಪ್ ಅದು. ಕೆನಡಾದ ಜೂನಿಯರ್ ಹಾಕಿಯಲ್ಲಿ ಅದಕ್ಕಿಂತ ದೊಡ್ಡದು ಇಲ್ಲ. ಎದುರಾಳಿ ಒಟ್ಟಾವಾ-ಹಲ್ ಕೆನೇಡಿಯನ್ಸ್, ಅಂದರೆ ಮಾಂಟ್ರಿಯಲ್‌ನ ದೊಡ್ಡ ಕ್ಲಬ್ ಸಾಕಿ ಬೆಳೆಸಿದ ತಂಡ. ಏಳು ಪಂದ್ಯ ಆಡಿ 4-3ರಲ್ಲಿ ಗೆದ್ದರು. ನಾಯಕ ಟೆಡ್ ಹ್ಯಾಂಪ್ಸನ್ ಮುಂದೆ ಎನ್‌ಎಚ್‌ಎಲ್‌ಗೆ, ಅಂದರೆ ಅಮೆರಿಕ-ಕೆನಡಾದ ಅತಿ ದೊಡ್ಡ ವೃತ್ತಿಪರ ಲೀಗ್‌ಗೆ ಹೋದರು. ಆಗಿನ ಆಟಗಾರರಿಗೆ ಗಣಿ ಕಂಪನಿಯಲ್ಲೇ ಕೆಲಸ ಕೊಡುತ್ತಿದ್ದರು, ಆದ್ದರಿಂದ ಗೆದ್ದವರು ಇವರಿಗೆ ದೂರದ ಹೀರೋಗಳಲ್ಲ, ಅಪ್ಪನ ಜೊತೆ ದುಡಿಯುವವರು.

ಮಗ ಕೇಳಿದ್ದು ಬಾಬಿ ಕ್ಲಾರ್ಕ್ ಬಗ್ಗೆ. ಕ್ಲಾರ್ಕ್ ಇದೇ ಊರಿನ ಹುಡುಗ, ಗಣಿ ಕೆಲಸಗಾರನ ಮಗ, ಹದಿಹರೆಯದಲ್ಲೇ ಸಕ್ಕರೆ ಕಾಯಿಲೆ. 1967-68ರಲ್ಲಿ ಇದೇ ತಂಡದಲ್ಲಿ ರೆಜಿ ಲೀಚ್ 87 ಗೋಲು ಹೊಡೆದರೆ, ಕ್ಲಾರ್ಕ್ 117 ಗೋಲುಗಳಿಗೆ ಪಾಸ್ ಕೊಟ್ಟಿದ್ದ. ಅಷ್ಟಾದರೂ ಇಂಥ ಕಾಯಿಲೆಯವನು ಎನ್‌ಎಚ್‌ಎಲ್‌ನಲ್ಲಿ ತಡೆದುಕೊಳ್ಳುತ್ತಾನಾ ಅಂತ ಎಲ್ಲರಿಗೂ ಅನುಮಾನ. ಕೋಚ್ ಪ್ಯಾಟ್ ಜಿನೆಲ್ ಸುಮ್ನೆ ಕೂರಲಿಲ್ಲ, ಅಮೆರಿಕದ ಮೇಯೊ ಕ್ಲಿನಿಕ್‌ಗೆ ಕರೆದುಕೊಂಡು ಹೋಗಿ, ಮೈ ನೋಡಿಕೊಂಡರೆ ಇವನು ಆಡಬಹುದು ಅಂತ ಡಾಕ್ಟರ ಕೈಯಲ್ಲಿ ಬರೆಸಿಕೊಂಡು ಬಂದರು. 1969ರಲ್ಲಿ ಆಟಗಾರರನ್ನು ಆರಿಸುವಾಗ ಮೊದಲ ಸುತ್ತಿನಲ್ಲಿ ಯಾರೂ ತೆಗೆದುಕೊಳ್ಳಲಿಲ್ಲ. ಫಿಲಡೆಲ್ಫಿಯಾ ಫ್ಲೈಯರ್ಸ್ 17ನೆಯವನಾಗಿ ಆರಿಸಿಕೊಂಡಿತು. 1974, 1975 ಎರಡು ವರ್ಷವೂ ಅವನ ನಾಯಕತ್ವದಲ್ಲಿ ಎನ್‌ಎಚ್‌ಎಲ್ ಚಾಂಪಿಯನ್ನರಿಗೆ ಸಿಗುವ ಸ್ಟ್ಯಾನ್ಲಿ ಕಪ್ ಗೆದ್ದಿತು. ನನ್ನ ಮಗನಿಗೂ ಇದೇ ಕಾಯಿಲೆ, ದಿನಾ ಇನ್ಸುಲಿನ್. ಅವನು ಆ ಕತೆಯನ್ನು ಎರಡು ಸಲ ಹೇಳಿಸಿಕೊಂಡ.

ನನಗೆ ಮಾತ್ರ 1978ರ ಕತೆಯೇ ದೊಡ್ಡದು. ದೊಡ್ಡ ಜೂನಿಯರ್ ಲೀಗ್‌ನಲ್ಲಿ ಉಳಿಯುವುದು ಈ ದೂರದ ಚಿಕ್ಕ ಊರಿಗೆ ಕಷ್ಟವಾಗಿ, ತಂಡ ಎಡ್ಮಂಟನ್‌ಗೆ ಹೋಯಿತು. ಬೇರೆ ಊರಾಗಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು ಅಲ್ವಾ? ಇವರು ಅದೇ ಹೆಸರಿಟ್ಟು ಸಣ್ಣ ಲೀಗ್‌ನಲ್ಲಿ ಮತ್ತೆ ಶುರು ಮಾಡಿದರು. 1984ರಲ್ಲಿ ಸಸ್ಕಾಚೆವಾನ್ ಜೂನಿಯರ್ ಲೀಗ್ ಸೇರಿದರು, ಇವತ್ತಿಗೂ ಅಲ್ಲೇ ಆಡುತ್ತಿದ್ದಾರೆ. ಊರು ಹೆಚ್ಚುಕಡಿಮೆ ಪೂರ್ತಿ ಮ್ಯಾನಿಟೋಬಾದಲ್ಲಿದೆ, ಆಡುವುದು ಪಕ್ಕದ ಪ್ರಾಂತ್ಯದ ಲೀಗ್‌ನಲ್ಲಿ. ದೊಡ್ಡ ಪಂದ್ಯಗಳಲ್ಲಿ ಅಭಿಮಾನಿಗಳು ಮೂಸ್‌ನ ಕಾಲನ್ನು ಐಸ್ ಮೇಲೆ ಎಸೆಯುತ್ತಾರಂತೆ. ಮೂಸ್ ಅಂದರೆ ನಮ್ಮ ಕಡವೆಗಿಂತ ಎಷ್ಟೋ ದೊಡ್ಡ ಪ್ರಾಣಿ. ಇದನ್ನು ಕೇಳಿ ಮಗ ಬಿದ್ದು ಬಿದ್ದು ನಕ್ಕ.

2010ರಲ್ಲಿ ತಾಮ್ರ ಕರಗಿಸುವ ಕುಲುಮೆ ನಿಂತಿತು. 2022ರ ಜೂನ್‌ನಲ್ಲಿ ಕೊನೆಯ ಗಣಿ, 777, ಮುಚ್ಚಿತು. ಈ ವರ್ಷ ಮೇ ಕೊನೆಯಲ್ಲಿ ಕಾಡ್ಗಿಚ್ಚು ಬಂದು ಸುಮಾರು 5,000 ಜನರಿರುವ ಇಡೀ ಊರನ್ನೇ ಖಾಲಿ ಮಾಡಿಸಿದರು, ಜನ ವಾಪಸ್ ಬಂದದ್ದು ಜೂನ್ ಕೊನೆಗೆ. ಫ್ಲಿನ್ ಫ್ಲಾನ್ ಉಳಿಯಿತು. ಪಕ್ಕದ ಡೆನಾರೆ ಬೀಚ್‌ನಲ್ಲಿ 200ಕ್ಕೂ ಹೆಚ್ಚು ಮನೆ ಸುಟ್ಟುಹೋದವು. ಬೆಳಿಗ್ಗೆ ಪಕ್ಕದೂರು ಕ್ರೈಟನ್ ಕಡೆ ಹೋಗಿದ್ದಾಗ ಸುಟ್ಟ ಕಾಡನ್ನು ನೋಡಿ ನಾವಿಬ್ಬರೂ ತುಂಬಾ ಹೊತ್ತು ಮಾತಾಡಲಿಲ್ಲ.

ಹಿರಿಯರನ್ನು ಕೇಳಿದೆ, ಇಷ್ಟೆಲ್ಲ ಆದಮೇಲೆ ಈ ಸಲ ತಂಡ ನಡೆಸುವುದು ಹೇಗೆ ಅಂತ. ಪ್ರಶ್ನೆಯೇ ಅವರಿಗೆ ಅರ್ಥವಾಗಲಿಲ್ಲ ಅನ್ನಿಸಿತು. ಜೂನಿಯರ್ ಆಟಗಾರರು ಅಂದರೆ ಇಪ್ಪತ್ತು ದಾಟದ ಹುಡುಗರು, ಹೆಚ್ಚಿನವರು ಬೇರೆ ಊರಿನವರು. ಋತು ಮುಗಿಯುವ ತನಕ ಇಲ್ಲಿನವರ ಮನೆಗಳಲ್ಲೇ ಇರುತ್ತಾರೆ. ನಮ್ಮ ತಾತ ವಾರಾನ್ನ ಉಂಡು ಓದಿದವರು, ಆದರೆ ಅದು ದಿನಕ್ಕೊಂದು ಮನೆ. ಇಲ್ಲಿ ಹುಡುಗ ಒಂದೇ ಮನೆಯ ಮಗನಾಗಿ ಇರುತ್ತಾನೆ, ಊಟ, ಬಟ್ಟೆ, ಜ್ವರ ಎಲ್ಲ ಅವರದೇ. ಈ ಹಿರಿಯರ ಮನೆಯಲ್ಲಿ ಇದುವರೆಗೆ ಹನ್ನೊಂದು ಹುಡುಗರು ಇದ್ದು ಹೋಗಿದ್ದಾರೆ. ಈ ವರ್ಷದವನು ಮುಂದಿನ ವಾರ ಬರುತ್ತಾನಂತೆ, ಆರಡಿ ಮೂರಂಗುಲದ ಗೋಲ್‌ಕೀಪರ್. ಹಳೆಯ ಮಂಚ ಅವನಿಗೆ ಸಾಲುವುದಿಲ್ಲ, ಹಲಗೆ ತರಬೇಕು, ಅಂಗಡಿ ಐದಕ್ಕೆ ಮುಚ್ಚುತ್ತದೆ ಅಂತ ಹೇಳಿ ಹೊರಟರು.