ಇನ್ನೊಂದು ಕಾಪಿ ಎಲ್ಲಿದೆ ಸರ್?

"ಇನ್ನೊಂದು ಕಾಪಿ ಎಲ್ಲಿದೆ ಸರ್?" ಅಂತ ಕೌಂಟರಿನ ಹುಡುಗ ಕೇಳಿದ.

"ಇನ್ನೊಂದು ಯಾಕಪ್ಪಾ? ಹಾಳಾಗಬಾರದು ಅಂತಾನೇ ಇದರಲ್ಲಿ ಹಾಕಿಟ್ಟಿದ್ದು" ಅಂದರು ಮೇಷ್ಟ್ರು.

ಗುರುವಾರ ಬೆಂಗಳೂರಿನ ಎಸ್.ಪಿ. ರೋಡಿನ ಕಂಪ್ಯೂಟರ್ ಅಂಗಡಿಯೊಂದರಲ್ಲಿ, ಕೆಟ್ಟುಹೋದ ಹಾರ್ಡ್ ಡಿಸ್ಕೊಂದರ ಮುಂದೆ, ಕಿವಿಗೆ ಬಿದ್ದ ಈ ಎರಡು ಮಾತು ಇವತ್ತಿನವರೆಗೂ ನನ್ನನ್ನು ಬಿಟ್ಟಿಲ್ಲ. ಹುಡುಗನ ದನಿಯಲ್ಲಿ ತಪ್ಪು ಹುಡುಕುವ ಧಾಟಿ ಇರಲಿಲ್ಲ. ಮೇಷ್ಟ್ರ ದನಿಯಲ್ಲಿದ್ದದ್ದು ಬರೀ ಆಶ್ಚರ್ಯ. ಬೀರುವಿನಲ್ಲಿ ಬೀಗ ಹಾಕಿಟ್ಟ ಒಡವೆ ತೋರಿಸಿದಾಗ, ಇಂಥದ್ದೇ ಇನ್ನೊಂದು ಎಲ್ಲಿ ಅಂತ ಯಾರೋ ಕೇಳಿದ ಹಾಗೆ ಅವರು ಹುಡುಗನ ಮುಖ ನೋಡಿದರು.

ಹಾರ್ಡ್ ಡಿಸ್ಕನ್ನು ಟಿವಿಗೆ ಸಿಕ್ಕಿಸಿ ನೆಂಟರಿಗೆ ಹಳೇ ಫೋಟೊ ತೋರಿಸುತ್ತಿದ್ದರಂತೆ. ಓಡಾಡುತ್ತಿದ್ದ ಮೊಮ್ಮಗಳ ಕಾಲು ವೈರಿಗೆ ಸಿಕ್ಕಿತು. ಡಿಸ್ಕ್ ಸ್ಟ್ಯಾಂಡಿನ ಮೇಲಿಂದ ಟೈಲ್ಸ್ ನೆಲಕ್ಕೆ ಬಿತ್ತು. ಹೊರಗೆ ಒಂದು ಗೀರೂ ಇಲ್ಲ. ಒಳಗಿದ್ದದ್ದು ಮದುವೆ ಮುಂಜಿಯ ಫೋಟೊ ಅಲ್ಲ. ಮೇಷ್ಟ್ರು ಸರ್ಕಾರಿ ಶಾಲೆಯಲ್ಲಿದ್ದಷ್ಟು ಕಾಲ ವರ್ಷ ವರ್ಷವೂ ಏಳನೇ ತರಗತಿಯ ಮಕ್ಕಳ ಫೋಟೊ ತೆಗೆದಿದ್ದಾರೆ. ಗುಂಪಿನದಷ್ಟೇ ಅಲ್ಲ, ಒಬ್ಬೊಬ್ಬರನ್ನೂ ನಿಲ್ಲಿಸಿ ತೆಗೆದದ್ದು. 2021ರ ಜೂನ್‌ನಲ್ಲಿ ಗೂಗಲ್ ಫೋಟೋಸ್‌ನ ಮಿತಿಯಿಲ್ಲದ ಉಚಿತ ಜಾಗ ನಿಂತುಹೋಯಿತಲ್ಲ, ಆಮೇಲೆ ಅಳಿಯ ಎಲ್ಲವನ್ನೂ ಈ ಡಿಸ್ಕಿಗೆ ಸಾಗಿಸಿ, ಲ್ಯಾಪ್‌ಟಾಪು, ಮೊಬೈಲು ಎರಡನ್ನೂ ಖಾಲಿ ಮಾಡಿಕೊಟ್ಟಿದ್ದಾನೆ. ಆ ಅಳಿಯನೂ ಜೊತೆಗೇ ಬಂದಿದ್ದ. ಇಡೀ ಹೊತ್ತು ಮೊಬೈಲ್ ನೋಡುತ್ತಾ ನಿಂತಿದ್ದು, ನಡುವೆ ಒಮ್ಮೆ ತಲೆಯೆತ್ತಿ "ವಾರಂಟಿ ಇನ್ನೂ ಇದೆಯಲ್ಲ" ಅಂದ. ನನಗೆ ಆ ಮನುಷ್ಯ ಹಿಡಿಸಲಿಲ್ಲ.

"ವಾರಂಟಿ ಇರೋದು ಡಿಸ್ಕಿಗೆ ಸರ್, ಒಳಗಿರೋದಕ್ಕಲ್ಲ" ಅಂದ ಹುಡುಗ. ಕಂಪನಿಯವರು ಬದಲಿ ಡಿಸ್ಕ್ ಕೊಟ್ಟರೂ ಅದು ಖಾಲಿ ಇರುತ್ತದೆ.

ಹುಡುಗನ ಬಗ್ಗೆ ಎರಡು ಮಾತು ಹೇಳಲೇಬೇಕು. ಇಪ್ಪತ್ತೆರಡು, ಇಪ್ಪತ್ತಮೂರು ಇರಬಹುದು. ಡಿಸ್ಕ್ ಸಿಕ್ಕಿಸಿದ ಕೂಡಲೇ ಟಿಕ್, ಟಿಕ್, ಟಿಕ್ ಅಂತ ಸಣ್ಣ ಸದ್ದು ಬಂತು. ಎರಡನೇ ಟಿಕ್‌ಗೆ ಅವನು ವೈರು ಕಿತ್ತಿದ್ದ. "ಇನ್ನು ಮನೇಲಿ ಯಾರೂ ಹಾಕಿ ನೋಡಬೇಡಿ ಸರ್. ಒಂದೇ ಒಂದು ಸಲಾನೂ ಬೇಡ." ಇಂಥ ಕಡೆ ಸುಮ್ಮನೆ ಆಸೆ ತೋರಿಸಿ, ಯಾವುದೋ ಸಾಫ್ಟ್‌ವೇರ್ ಓಡಿಸಿ, ದುಡ್ಡು ಇಸಿದುಕೊಂಡು ಕಳಿಸುವವರೂ ಇದ್ದಾರೆ. ಇವನು ಹಾಗೆ ಮಾಡಲಿಲ್ಲ. ತನ್ನ ಕೈಯಲ್ಲಿ ಆಗುವ ಕೆಲಸ ಅಲ್ಲ ಎಂದು ಹೇಳಿ, ಧೂಳಿಲ್ಲದ ಕೋಣೆಯಲ್ಲಿ ಡಿಸ್ಕ್ ಬಿಚ್ಚಿ ರಿಕವರಿ ಮಾಡುವವರ ಬಗ್ಗೆ ತಿಳಿಸಿದ. ಹತ್ತಾರು ಸಾವಿರ ಆಗಬಹುದು, ಅಷ್ಟು ಕೊಟ್ಟರೂ ಗ್ಯಾರಂಟಿ ಇಲ್ಲ ಅನ್ನುವುದನ್ನೂ ಮುಚ್ಚಿಡಲಿಲ್ಲ.

ಆ ಟಿಕ್ ಸದ್ದು ಏನೆಂದು ತಿಳಿದರೆ ಅವನ ಅವಸರ ಅರ್ಥವಾಗುತ್ತದೆ. ಈ ಬಗೆಯ ಡಿಸ್ಕಿನೊಳಗೆ ಅಯಸ್ಕಾಂತದ ಲೇಪನವಿರುವ ತಟ್ಟೆಗಳು ಸಾಮಾನ್ಯವಾಗಿ ನಿಮಿಷಕ್ಕೆ 5400 ಸುತ್ತು ತಿರುಗುತ್ತಿರುತ್ತವೆ. ಓದುವ, ಬರೆಯುವ ಹೆಡ್ಡು ತಟ್ಟೆಯನ್ನು ಮುಟ್ಟುವುದಿಲ್ಲ. ಕೆಲವೇ ನ್ಯಾನೊಮೀಟರ್ ಎತ್ತರದಲ್ಲಿ, ಗಾಳಿಯ ಪದರದ ಮೇಲೆ ತೇಲುತ್ತದೆ. ನಮ್ಮ ತಲೆಗೂದಲ ದಪ್ಪವೇ ಹತ್ತಾರು ಸಾವಿರ ನ್ಯಾನೊಮೀಟರ್ ಇರುತ್ತದೆ. ಆಫ್ ಆಗಿದ್ದಾಗ ಹೆಡ್ಡು ತಟ್ಟೆಯಿಂದ ಪಕ್ಕಕ್ಕೆ ಸರಿದು ಕೂತಿರುತ್ತದೆ, ಆಗ ಬಿದ್ದರೆ ಎಷ್ಟೋ ಸಲ ಬದುಕಿಕೊಳ್ಳುತ್ತದೆ. ತಿರುಗುತ್ತಿರುವಾಗ ಬಿದ್ದರೆ ಹೆಡ್ಡು ತಟ್ಟೆಗೆ ಬಡಿಯುತ್ತದೆ. ಪೆಟ್ಟಾದ ಹೆಡ್ಡು ಓದಲು ಹೋಗಿ, ಓದಲಾಗದೆ ಹಿಂದೆ ಬಂದು, ಮತ್ತೆ ಹೋಗುವ ಸದ್ದು ಅದು. ಸದ್ದು ಬರುತ್ತಿರುವಷ್ಟು ಹೊತ್ತೂ ಒಳಗೆ ತಟ್ಟೆ ಕೆರೆದುಹೋಗುತ್ತಿರಬಹುದು. ಮೇಷ್ಟ್ರ ಮಕ್ಕಳ ಮುಖಗಳು ಇರುವುದು ಆ ತಟ್ಟೆಯ ಮೇಲೆಯೇ.

ಪಕ್ಕದಲ್ಲಿ ಮೌಸ್ ಕೊಳ್ಳಲು ಬಂದಿದ್ದ ಒಬ್ಬರು ಕೇಳದೇ ಇದ್ದರೂ "ಪ್ಲಾಸ್ಟಿಕ್ ಕವರಲ್ಲಿ ಸುತ್ತಿ ರಾತ್ರಿ ಫ್ರೀಜರಲ್ಲಿಡಿ, ಬೆಳಗ್ಗೆ ಓಡುತ್ತೆ" ಎಂದು ಸಲಹೆ ಕೊಟ್ಟರು. ನನಗೆ ಸಿಟ್ಟು ಬಂತು. ತಣ್ಣಗಾದ ಡಿಸ್ಕನ್ನು ಹೊರಗೆ ತೆಗೆದರೆ ಒಳಗೆ ತೇವ ಕೂರುತ್ತದೆ, ಉಳಿದಿದ್ದೂ ಹೋಗುತ್ತದೆ. ಬೇರೆಯವರ ನಷ್ಟದ ಮುಂದೆ ನಿಂತು ಪರೀಕ್ಷೆ ಮಾಡಿರದ ಮದ್ದು ಹೇಳುವ ಧೈರ್ಯ ಜನರಿಗೆ ಎಲ್ಲಿಂದ ಬರುತ್ತದೋ. ಮೇಷ್ಟ್ರು ಮಾತ್ರ ಅವರಿಗೂ ಮರ್ಯಾದೆಯಿಂದ "ಆಯ್ತು ಸರ್" ಅಂದರು.

ಆಮೇಲೆ ಅವರು ಹುಡುಗನನ್ನು ಕೇಳಿದರು: "ನೀನು ಯಾವ ಸ್ಕೂಲಪ್ಪಾ?"

ರಾಮನಗರದ ಕಡೆ ಸರ್, ಸರ್ಕಾರಿ ಶಾಲೆ, ಅಂದ.

"ನಿನ್ನ ಏಳನೇ ಕ್ಲಾಸಿನ ಫೋಟೊ ನಿನ್ನ ಹತ್ರ ಇದೆಯಾ?"

"ಇಲ್ಲ ಸರ್. ನಮ್ಮಲ್ಲಿ ಯಾರೂ ತೆಗೀಲಿಲ್ಲ."

"ಹ್ಞಾಂ" ಅಂದರು ಮೇಷ್ಟ್ರು. ತಾವು ಅಷ್ಟು ವರ್ಷ ಯಾಕೆ ತೆಗೆದೆ ಅನ್ನುವುದಕ್ಕೆ ಅವರು ಬೇರೆ ಕಾರಣ ಕೊಡಬೇಕಾಗಿರಲಿಲ್ಲ.

ನನಗೆ ತಡೆಯಲಾಗಲಿಲ್ಲ. "ಸರ್, ಆ ಮಕ್ಕಳಿಗೆ ಯಾರಿಗಾದರೂ ಕಳಿಸಿದ್ರಾ ಫೋಟೊ?" ಅಂದೆ. ಕೆಲವು ಬ್ಯಾಚಿನ ಮಕ್ಕಳು ವಾಟ್ಸಾಪ್ ಗುಂಪು ಮಾಡಿಕೊಂಡಿದ್ದಾರೆ, ಕೇಳಿದವರಿಗೆಲ್ಲ ಕಳಿಸಿದ್ದೆ ಅಂದರು. ಹಾಗಾದರೆ ಅವರನ್ನೇ ಕೇಳಿ ವಾಪಸ್ ತರಿಸಿಕೊಳ್ಳಿ ಸರ್, ವಾಟ್ಸಾಪು ಫೋಟೊ ಕುಗ್ಗಿಸುತ್ತದೆ ನಿಜ, ದೊಡ್ಡದಾಗಿ ಪ್ರಿಂಟು ಹಾಕಿಸಲು ಬರುವುದಿಲ್ಲ, ಆದರೆ ಮುಖ ಇರುತ್ತದಲ್ಲ ಅಂದೆ. ಮೇಷ್ಟ್ರು ಅಲ್ಲೇ ಸ್ಟೂಲಿನ ಮೇಲೆ ಕೂತು ಮೊಬೈಲ್ ತೆಗೆದು, ಯಾರ‍್ಯಾರಿಗೆ ಕಳಿಸಿದ್ದೆ ಅಂತ ಒಂದೊಂದೇ ಹೆಸರು ಹೇಳಿಕೊಳ್ಳತೊಡಗಿದರು. ಅಳಿಯ ಆಗ ಮೊದಲ ಸಲ ಮೊಬೈಲ್ ಜೇಬಿಗಿಟ್ಟು ಪಕ್ಕಕ್ಕೆ ಬಂದು ನಿಂತ.

ಚಿಕ್ಕಪೇಟೆಯಲ್ಲಿ ಮೆಟ್ರೊ ಹತ್ತಿದ ಮೇಲೂ ಅದೇ ಪ್ರಶ್ನೆ, ಅದೇ ಉತ್ತರ. ಇನ್ನೊಂದು ಕಾಪಿ ಎಲ್ಲಿದೆ? ಇನ್ನೊಂದು ಯಾಕೆ?

ನಾನು ಅಂಗಡಿಗೆ ಹೋಗಿದ್ದು ಸಿರ್ಸಿಯ ಮಾವನ ಕ್ಯಾಸೆಟ್ಟುಗಳಿಗಾಗಿ. ಮಾವ ಪ್ರಾಯದಲ್ಲಿ ತಾಳಮದ್ದಲೆ, ಅಂದರೆ ವೇಷ ಕುಣಿತ ಇಲ್ಲದೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನ, ಎಲ್ಲಿದ್ದರೂ ಟೇಪ್ ರೆಕಾರ್ಡರ್ ಹೊತ್ತುಕೊಂಡು ಹೋಗುತ್ತಿದ್ದವ. ಶೇಣಿ ಗೋಪಾಲಕೃಷ್ಣ ಭಟ್ಟರ ಅರ್ಥ, ಅಂದರೆ ಪಾತ್ರವಾಗಿ ಅವರು ಆಡಿದ ಮಾತು, ಅವನ ಹತ್ತಿರ ಟ್ರಂಕುಗಟ್ಟಲೆ ಇದೆ. ತಾಳಮದ್ದಲೆಯಲ್ಲಿ ಭಾಗವತರು ಹಾಡುವ ಪದ್ಯಕ್ಕೆ ಪುಸ್ತಕವಿದೆ, ಅರ್ಥಧಾರಿಯ ಮಾತಿಗೆ ಇಲ್ಲ. ಎದುರು ಕೂತವರು ಏನು ಹೇಳಿದರೋ ಅದಕ್ಕೆ ತಕ್ಕಂತೆ ಅಲ್ಲೇ ಹುಟ್ಟಿದ್ದು. ಅದೇ ಪ್ರಸಂಗ, ಅದೇ ಪಾತ್ರ, ಮರುದಿನ ಬೇರೆ ಊರಿನಲ್ಲಿ ಬೇರೆಯದೇ ಮಾತು. ಒಂದು ರಾತ್ರಿಯ ವಾದಕ್ಕೆ ಉಳಿದಿರುವ ಸಾಕ್ಷಿ ಒಂದು ಕ್ಯಾಸೆಟ್ಟು ಮಾತ್ರ ಆಗಿರಬಹುದು. ನಮ್ಮ ಕಡೆಯ ಮಳೆಗಾಲದಲ್ಲಿ ಆ ಟೇಪಿನ ಮೇಲೆ ಬೂಷ್ಟು ಬೆಳೆಯಲು ಶುರುವಾಗಿ ವರ್ಷಗಳಾದವು. ಮಾವನ ಮಗ ಕೂತು ಒಂದೊಂದನ್ನೇ ಕಂಪ್ಯೂಟರಿಗೆ ಇಳಿಸುತ್ತಿದ್ದಾನೆ. ಕುಗ್ಗಿಸದೆ ಇಟ್ಟರೆ ತೊಂಬತ್ತು ನಿಮಿಷದ ಒಂದು ಕ್ಯಾಸೆಟ್ಟು ಹತ್ತಿರ ಹತ್ತಿರ 950 ಎಂಬಿ ಆಗುತ್ತದೆ. ಒಂದು ಟಿಬಿ ಅಂದರೆ ಹತ್ತು ಲಕ್ಷ ಎಂಬಿ, ಅದರಲ್ಲಿ ಸಾವಿರದಷ್ಟು ಕ್ಯಾಸೆಟ್ಟು ಹಿಡಿಸುತ್ತವೆ, ಮಾವನಿಗೆ ಧಾರಾಳವಾಯಿತು.

ಮಾವನ ಮಗ ಫೋನಿನಲ್ಲಿ, ತಟ್ಟೆಯ ಬದಲು ಚಿಪ್ಪಿನಲ್ಲಿ ಮಾಹಿತಿ ಇಡುವ ಎಸ್‌ಎಸ್‌ಡಿಯನ್ನೇ ತಾ ಅಂದಿದ್ದ. ತಿರುಗುವ ಭಾಗ ಇಲ್ಲ, ಬಿದ್ದರೆ ಹೆದರಿಕೆ ಕಡಿಮೆ, ವೇಗವೂ ಹೆಚ್ಚು. ದಿನಾ ಬ್ಯಾಗಿನಲ್ಲಿ ಹೊತ್ತು ತಿರುಗುವವರಿಗೆ, ವಿಡಿಯೊ ಎಡಿಟ್ ಮಾಡುವವರಿಗೆ ನಾನೂ ಅದನ್ನೇ ಹೇಳುತ್ತೇನೆ. ಮಾವನ ಡಿಸ್ಕು ವರ್ಷದಲ್ಲಿ ಬಹುಪಾಲು ಕಪಾಟಿನಲ್ಲೇ ಇರುವಂಥದ್ದು. ಎಸ್‌ಎಸ್‌ಡಿಯ ಚಿಪ್ಪಿನಲ್ಲಿ ಮಾಹಿತಿ ಇರುವುದು ವಿದ್ಯುದಾವೇಶದ ರೂಪದಲ್ಲಿ. ವರ್ಷಗಟ್ಟಲೆ ಕರೆಂಟು ಕಾಣದೆ ಇದ್ದರೆ ಅದು ಮೆಲ್ಲಗೆ ಸೋರಿಹೋಗಬಹುದು. ಅಷ್ಟೇ ಜಾಗಕ್ಕೆ ದುಡ್ಡೂ ಜಾಸ್ತಿ. ಆ ದುಡ್ಡಿನಲ್ಲಿ ತಿರುಗುವ ಡಿಸ್ಕು ಎರಡು ಬರುವುದಾದರೆ ನಾನು ಎರಡನ್ನೇ ಆರಿಸುತ್ತೇನೆ. ಆರಿಸಿದ್ದೂ ಹಾಗೆಯೇ. ಬೇರೆ ಬೇರೆ ಕಂಪನಿಯವು, ಒಂದೇ ತಯಾರಿಕೆಯ ದೋಷ ಎರಡಕ್ಕೂ ತಗುಲಬಾರದು ಅಂತ. ಇನ್ನು ಆನ್‌ಲೈನಿನಲ್ಲಿ ಎರಡು ಮೂರು ಸಾವಿರಕ್ಕೆ 16 ಟಿಬಿ ಅಂತ ಮಾರುತ್ತಾರಲ್ಲ, ಅದನ್ನು ಯಾರೂ ಮುಟ್ಟಬೇಡಿ. ಬಿಚ್ಚಿದರೆ ಒಳಗೆ ಒಂದು ಸಣ್ಣ ಮೆಮೊರಿ ಕಾರ್ಡು, ಕಂಪ್ಯೂಟರಿಗೆ ಸುಳ್ಳು ಲೆಕ್ಕ ಹೇಳುವಂತೆ ಮಾಡಿರುತ್ತಾರೆ. ನಿಜವಾದ ಜಾಗ ತುಂಬಿದ ಮೇಲೆ ಹಾಕಿದ್ದೆಲ್ಲ ಕೆಟ್ಟುಹೋಗುತ್ತದೆ, ಫೈಲಿನ ಹೆಸರು ಮಾತ್ರ ಕಾಣುತ್ತಿರುತ್ತದೆ. ಮಕ್ಕಳ ಫೋಟೊ ಕಳೆದುಕೊಳ್ಳುವವರನ್ನು ಕಣ್ಣಾರೆ ನೋಡಿದ ಮೇಲೆ ಈ ಮೋಸವನ್ನು ಸಣ್ಣದು ಅನ್ನಲು ನನಗೆ ಮನಸ್ಸಿಲ್ಲ.

ಮಾವನ ಮನೆಯಲ್ಲಿ ಇನ್ನೊಂದು ತಾಪತ್ರಯ ಕರೆಂಟು. ಮಳೆ ಹಿಡಿದರೆ ಯಾವಾಗ ಹೋಗುತ್ತದೆ ಗೊತ್ತಿಲ್ಲ, ಅವನದು ಡೆಸ್ಕ್‌ಟಾಪು. ಅದಕ್ಕೇ ಡಿಸ್ಕನ್ನು ಎನ್‌ಟಿಎಫ್‌ಎಸ್ ಅನ್ನುವ, ಫೈಲುಗಳನ್ನು ಜೋಡಿಸಿಡುವ ವಿಧಾನದಲ್ಲಿ ಫಾರ್ಮ್ಯಾಟ್ ಮಾಡಿದ್ದೇನೆ. ಬರೆಯುವಾಗ ನಡುವೆ ನಿಂತುಹೋದರೂ ಅದು ತನ್ನ ದಾಖಲೆಯನ್ನು ನೋಡಿಕೊಂಡು ಫೈಲುಗಳ ಪಟ್ಟಿಯನ್ನು ಸರಿಮಾಡಿಕೊಳ್ಳುತ್ತದೆ. ಎಕ್ಸ್‌ಫ್ಯಾಟ್ ಅನ್ನುವ ಇನ್ನೊಂದು ವಿಧಾನಕ್ಕೆ ಆ ಅನುಕೂಲ ಇಲ್ಲ. ಮ್ಯಾಕ್ ಕಂಪ್ಯೂಟರಿನಲ್ಲಿ ಹಾಗೇ ಬರೆಯಲು ಬರುವುದಿಲ್ಲ ಅನ್ನುವುದು ಎನ್‌ಟಿಎಫ್‌ಎಸ್‌ನ ಕೊರತೆ, ಮಾವನ ಮನೆಯಲ್ಲಿ ಮ್ಯಾಕ್ ಇಲ್ಲ. ಸಿಪಿಯು ಹಿಂದಿರುವ ನೀಲಿ ಪೋರ್ಟಿಗೇ ಹಾಕಬೇಕು, ತೆಗೆಯುವ ಮುಂಚೆ ಇಜೆಕ್ಟ್ ಕೊಡಬೇಕು, ಓಡುತ್ತಿರುವಾಗ ಅಲುಗಿಸಬಾರದು, ಆದಮೇಲೆ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಬಿಗಿ ಮುಚ್ಚಳದ ಡಬ್ಬಿಯಲ್ಲಿಡಬೇಕು. ಇಷ್ಟನ್ನು ದೊಡ್ಡಕ್ಷರದಲ್ಲಿ ಬರೆದು ಡಿಸ್ಕಿನ ಜೊತೆ ಇಟ್ಟಿದ್ದೇನೆ.

ಇದೆಲ್ಲ ಮಾಡಿದರೂ ಒಂದು ದಿನ ಆ ಡಿಸ್ಕು ಕೆಡುತ್ತದೆ. ಎಲ್ಲ ಡಿಸ್ಕುಗಳೂ ಕೆಡುತ್ತವೆ. ಹಾಗಾಗಿ ಹುಡುಗ ಕೇಳಿದ ಪ್ರಶ್ನೆಯೇ ನನಗೆ ಮುಖ್ಯವಾಗಿ ಕಾಣುತ್ತಿದೆ. ಪೀಟರ್ ಕ್ರೋಗ್ ಎಂಬ ಅಮೆರಿಕದ ಫೋಟೊಗ್ರಾಫರ್ ಜನಪ್ರಿಯಗೊಳಿಸಿದ 3-2-1 ಅನ್ನುವ ನಿಯಮವಿದೆ: ಮೂರು ಪ್ರತಿ ಇರಲಿ, ಎರಡು ಬಗೆಯ ಸಾಧನದಲ್ಲಿರಲಿ, ಒಂದು ಬೇರೆ ಊರಿನಲ್ಲಿ ಅಥವಾ ಬೇರೆ ಜಾಗದಲ್ಲಿರಲಿ. ಒಳ್ಳೆಯ ನಿಯಮ. ಆದರೆ ಮೆಟ್ರೊದಲ್ಲಿ ನನಗೆ ನೆನಪಾದದ್ದು ಅತ್ತಿಮಬ್ಬೆ. ಹತ್ತನೇ ಶತಮಾನದಲ್ಲಿ ಪೊನ್ನನ ಶಾಂತಿಪುರಾಣವನ್ನು ಓಲೆಗರಿಯಲ್ಲಿ ಸಾವಿರ ಪ್ರತಿ ಬರೆಸಿದವಳು. ಒಬ್ಬ ಲಿಪಿಕಾರ ಒಂದು ಪ್ರತಿ ಮುಗಿಸಲು ಎಷ್ಟು ದಿನ ಬಗ್ಗಿ ಕೂತಿರಬೇಕು! ಹಾಗೆ ಬರೆಸಿದ್ದನ್ನು ಲಕ್ಕುಂಡಿಯಲ್ಲಿ ತಾನು ಕಟ್ಟಿಸಿದ ಬಸದಿಯ ಕೋಣೆಯಲ್ಲಿ ತುಂಬಿಡಲಿಲ್ಲ, ಹಂಚಿದಳು. ಓಲೆಗರಿಗೆ ಗೆದ್ದಲು ಹತ್ತುತ್ತದೆ, ಬೆಂಕಿ ಬೀಳುತ್ತದೆ, ಮನೆ ಸೋರುತ್ತದೆ. ಸಾವಿರ ಮನೆಗೂ ಒಂದೇ ದಿನ ಗೆದ್ದಲು ಹತ್ತುವುದಿಲ್ಲ. ನಮ್ಮ ಹಳೆಯ ಕಾವ್ಯಗಳು ನಮ್ಮವರೆಗೆ ಬಂದಿರುವುದು ಯಾರೋ ಒಬ್ಬರು ಬಹಳ ಭದ್ರವಾಗಿ ಬೀಗ ಹಾಕಿಟ್ಟಿದ್ದರಿಂದ ಅಲ್ಲ, ತಲೆಮಾರು ತಲೆಮಾರು ಕೂತು ನಕಲು ಮಾಡಿದ್ದರಿಂದ. ಇವತ್ತು ನಕಲು ಮಾಡುವ ಶ್ರಮ ಒಂದು ರಾತ್ರಿ ಕಂಪ್ಯೂಟರ್ ಆನ್ ಇಡುವಷ್ಟಕ್ಕೆ ಇಳಿದಿದೆ. ಇಷ್ಟು ಸುಲಭವಾದ ಕಾಲದಲ್ಲಿ, ಮನೆ ಮನೆಯಲ್ಲೂ, ಒಂದೇ ಒಂದು ಪ್ರತಿಯನ್ನು ಬೀರುವಿನಲ್ಲಿಟ್ಟು ನಿಶ್ಚಿಂತೆಯಿಂದ ಇದ್ದೇವೆ. ಮೇಷ್ಟ್ರಿಗೆ ಏನಾದರೂ ವಾಪಸ್ ಸಿಕ್ಕರೆ ಅದು ಅವರು ಕೊಟ್ಟುಬಿಟ್ಟ ಫೋಟೊ, ಕಾಪಾಡಿಟ್ಟದ್ದಲ್ಲ.

ಇದನ್ನೇ ಶನಿವಾರ ಮಾವನಿಗೆ ಫೋನಿನಲ್ಲಿ ಹೇಳಿದೆ.

"ಎಂತಕ್ಕೆ ಎರಡು ತಗಂಡ್ಯೆ ಕೂಸೆ, ಒಂದು ಸಾಕಾಗಿತ್ತು" ಅಂದ. ಒಂದು ನಿನ್ನ ಹತ್ತಿರ, ಒಂದು ಬೆಂಗಳೂರಿನಲ್ಲಿ ನನ್ನ ಹತ್ತಿರ ಅಂದೆ. ಅದಕ್ಕೆ ಒಪ್ಪಿದ. ಮೂರನೆಯದೊಂದನ್ನು ಮಾಡಿ ಸಿದ್ದಾಪುರದ ಭಾಗವತರ ಮಗನಿಗೆ ಕೊಡೋಣ, ಅವರಪ್ಪನ ಹಾಡು ಎಷ್ಟೊಂದು ಇದೆ ಅದರಲ್ಲಿ ಅಂದಾಗ ಮಾವ ಸುಮ್ಮನಾದ. ಅವನ ಸಂಕಟ ನನಗೆ ಗೊತ್ತು. ಹಿಂದೆ ಒಬ್ಬರು ಕ್ಯಾಸೆಟ್ಟು ಒಯ್ದು, ಗಂಟೆಗಟ್ಟಲೆಯ ವಾದದಲ್ಲಿ ಎರಡು ನಿಮಿಷದ ಚುಚ್ಚುಮಾತು ಮಾತ್ರ ಕತ್ತರಿಸಿ ಯೂಟ್ಯೂಬಿಗೆ ಹಾಕಿದ್ದರು. ಹಿಂದುಮುಂದಿಲ್ಲದೆ ಅದನ್ನು ಕೇಳಿದವರು ಅರ್ಥಧಾರಿಯನ್ನೇ ಬೈದರು. ಆಮೇಲೆ ಮಾವ ಯಾರಿಗೂ ಕೊಟ್ಟಿಲ್ಲ. ಅವನು ಜಿಪುಣ ಅಂತ ನೆಂಟರಲ್ಲಿ ಮಾತಿದೆ. ಅದು ಅನ್ಯಾಯದ ಮಾತು, ಅವನು ಆ ಕಲಾವಿದರ ಮರ್ಯಾದೆ ಕಾಯುತ್ತಿದ್ದಾನೆ.

ಆದರೂ ಬಿಡಲಿಲ್ಲ ನಾನು. ಮೇಷ್ಟ್ರ ಕತೆ ಪೂರ್ತಿ ಹೇಳಿದೆ, ಟಿಕ್ ಟಿಕ್ ಸದ್ದಿನಿಂದ ಹಿಡಿದು ವಾಟ್ಸಾಪ್ ಗುಂಪಿನವರೆಗೆ. ಕೊಡುವಾಗ ಇಡೀ ಪ್ರಸಂಗವನ್ನೇ ಕೊಡೋಣ, ಯಾವ ಊರು, ಯಾವ ವರ್ಷ, ಯಾರ ಅರ್ಥ ಯಾವುದು ಅಂತ ನಿನ್ನ ಕೈಯಲ್ಲೇ ಪಟ್ಟಿ ಬರೆಸಿ ಜೊತೆಗಿಡೋಣ ಅಂದೆ. ಈ ಪಟ್ಟಿಯ ಮಾತು ಅವನಿಗೆ ತಾಗಿತು ಅನ್ನಿಸುತ್ತದೆ. ಆ ಧ್ವನಿಗಳಲ್ಲಿ ಯಾರದು ಯಾವುದು ಅಂತ ಗುರುತಿಸಬಲ್ಲವ ಮನೆಯಲ್ಲಿ ಅವನೊಬ್ಬನೇ, ಅವನಿಗೆ ಈಗ ಎಂಬತ್ತರ ಹತ್ತಿರ.

"ನೋಡನ" ಅಂದ ಕೊನೆಗೆ. ಬೆಳಗ್ಗೆ ಅವನ ಮಗ ಫೋನ್ ಮಾಡಿ, ಅಪ್ಪ ಇನ್ನೂರು ಪುಟದ ನೋಟ್‌ಬುಕ್ಕು ತರಿಸಿಕೊಂಡಿದ್ದಾನೆ, ಕ್ಯಾಸೆಟ್ಟಿಗೆ ನಂಬರ್ ಹಾಕುತ್ತಾ ಕೂತಿದ್ದಾನೆ ಅಂದ. ಮೂರನೇ ಡಿಸ್ಕಿಗೆ ನಾನು ಹೇಳಿಯಾಯಿತು.