ಪುಸ್ತಕ ಮುಚ್ಚಿ ಓದಲು ಕಲಿಸಿದವರು

ಶಾಲಾ ಸಂಚಿಕೆಗೆ ನೆನಪುಗಳನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯ ವಿದ್ಯಾರ್ಥಿಗಳು ಕೇಳಿದಾಗ, ವಾರ್ಷಿಕೋತ್ಸವ, ಪ್ರವಾಸ, ಆಟೋಟಗಳಿಗಿಂತ ಮೊದಲು ನನಗೆ ಬರೆಯಬೇಕೆನಿಸಿದ್ದು ಇಲ್ಲಿ ನಾವು ಓದಲು ಕಲಿತ ಬಗೆಯನ್ನು ಕುರಿತು. ಈಗ ಪದವಿಪೂರ್ವ ಕಾಲೇಜೊಂದರಲ್ಲಿ ಭೌತಶಾಸ್ತ್ರ ಬೋಧಿಸುತ್ತಿದ್ದೇನೆ. ಹೊಸದಾಗಿ ಬರುವ ಮಕ್ಕಳಲ್ಲಿ ಬಹುಪಾಲು ಜನರಿಗೆ ಶ್ರದ್ಧೆಗಾಗಲಿ ಬುದ್ಧಿಗಾಗಲಿ ಕೊರತೆಯಿಲ್ಲ. ಓದಿದ್ದು ತಮಗೆ ನಿಜವಾಗಿ ಬಂದಿದೆಯೇ ಎಂದು ತಮ್ಮನ್ನು ತಾವೇ ಕೇಳಿಕೊಳ್ಳುವ ಅಭ್ಯಾಸವೊಂದು ಮಾತ್ರ ಇರುವುದಿಲ್ಲ. ಆ ಅಭ್ಯಾಸವನ್ನು ನಮಗೆ ಈ ಶಾಲೆಯ ಇಬ್ಬರು ಗುರುಗಳು ಮಾಡಿಸಿದರು.

ನಮ್ಮ ವಿಜ್ಞಾನದ ಮೇಷ್ಟ್ರು ಹೊಸ ಪಾಠ ಆರಂಭಿಸುವ ಮುನ್ನ ಪುಸ್ತಕ, ನೋಟ್ಸ್ ಎರಡನ್ನೂ ಮುಚ್ಚಿಸಿ, ಹಿಂದಿನ ದಿನದ ಪಾಠದಲ್ಲಿ ನೆನಪಿರುವುದನ್ನೆಲ್ಲ ಖಾಲಿ ಹಾಳೆಯ ಮೇಲೆ ಬರೆಯಿಸುತ್ತಿದ್ದರು. ನಿಮ್ನ ದರ್ಪಣದ ಧ್ರುವಕ್ಕೂ ಪ್ರಧಾನ ಸಂಗಮಕ್ಕೂ ನಡುವೆ ವಸ್ತುವನ್ನಿಟ್ಟರೆ ಪ್ರತಿಬಿಂಬ ದರ್ಪಣದ ಹಿಂದೆ, ನೇರವಾಗಿ, ದೊಡ್ಡದಾಗಿ, ಮಿಥ್ಯವಾಗಿ ಮೂಡುತ್ತದೆ ಎಂಬುದು ಓದುವಾಗ ಎಲ್ಲರಿಗೂ ಸುಲಭವೇ; ಕಿರಣಚಿತ್ರವನ್ನು ನೋಡದೆ ಎಳೆಯಲು ಕುಳಿತಾಗಲೇ ಯಾವ ಕಿರಣ ಎಲ್ಲಿಗೆ ಹೋಗಬೇಕೆಂಬುದು ತಿಳಿದಿಲ್ಲವೆಂದು ಗೊತ್ತಾಗುತ್ತಿತ್ತು. ಬರೆದು ಮುಗಿದ ಮೇಲೆ ಪುಸ್ತಕ ತೆರೆದು, ಬಿಟ್ಟುಹೋದದ್ದನ್ನು ಬೇರೆ ಬಣ್ಣದ ಶಾಯಿಯಲ್ಲಿ ನಾವೇ ಸೇರಿಸಬೇಕಿತ್ತು. ಅದಕ್ಕೆ ಅಂಕಗಳಿರಲಿಲ್ಲ, ಹೆದರಿಕೆಯೂ ಇರಲಿಲ್ಲ. ಅದೇ ಪ್ರಶ್ನೆ ಒಂದು ವಾರದ ಮೇಲೆ ಮತ್ತೊಮ್ಮೆ, ತಿಂಗಳು ಕಳೆದ ಮೇಲೆ ಇನ್ನೊಮ್ಮೆ ಹಲಗೆಯ ಮೇಲೆ ಬರುತ್ತಿತ್ತು.

ಈ ಕ್ರಮಕ್ಕೆ ಎಂತಹ ಆಧಾರವಿದೆ ಎಂಬುದು ನನಗೆ ತಿಳಿದದ್ದು ಬಹಳ ವರ್ಷಗಳ ನಂತರ. ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ಕಂಠಪಾಠ ಮಾಡಿ, ತನ್ನ ಮೇಲೆಯೇ ಪ್ರಯೋಗ ನಡೆಸಿ, ಕಲಿತದ್ದು ಮೊದಮೊದಲು ಬಹಳ ಬೇಗ, ಆಮೇಲೆ ನಿಧಾನವಾಗಿ ಮರೆತುಹೋಗುತ್ತದೆ ಎಂದು 1885ರಲ್ಲಿ ಪ್ರಕಟಿಸಿದನು. ಒಂದೇ ದಿನ ರಾಶಿಯಾಗಿ ಉರುಹಾಕುವುದಕ್ಕಿಂತ ಹಲವು ದಿನಗಳಿಗೆ ಹಂಚಿ ಓದಿದರೆ ಕಡಿಮೆ ಆವೃತ್ತಿಗಳು ಸಾಕೆಂಬುದನ್ನೂ ಆತ ಗುರುತಿಸಿದ್ದನು. 2006ರಲ್ಲಿ ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕೆ ಎಂಬ ಮನೋವಿಜ್ಞಾನಿಗಳು ವಿದ್ಯಾರ್ಥಿಗಳ ಒಂದು ಗುಂಪಿಗೆ ಒಂದು ಗದ್ಯಭಾಗವನ್ನು ಮತ್ತೆ ಮತ್ತೆ ಓದಿಸಿದರು. ಇನ್ನೊಂದು ಗುಂಪಿಗೆ ಒಮ್ಮೆ ಓದಿಸಿ, ಉಳಿದ ಸಮಯದಲ್ಲಿ ನೋಡದೆ ಬರೆಯಿಸಿದರು. ಐದು ನಿಮಿಷದ ನಂತರ ಪರೀಕ್ಷಿಸಿದಾಗ ಮತ್ತೆ ಮತ್ತೆ ಓದಿದವರೇ ಮುಂದಿದ್ದರು. ಒಂದು ವಾರದ ನಂತರ ಪರೀಕ್ಷಿಸಿದಾಗ ಅವರಲ್ಲಿ ಉಳಿದಿದ್ದು ಸುಮಾರು ಶೇ. 40, ನೋಡದೆ ಬರೆದವರಲ್ಲಿ ಸುಮಾರು ಶೇ. 61. ಪರೀಕ್ಷೆಯ ಹಿಂದಿನ ರಾತ್ರಿ ಓದಿದ್ದು ಬೆಳಿಗ್ಗೆ ಹೇಗೋ ನಡೆದುಹೋಗಿ, ಮುಂದಿನ ತರಗತಿಗೆ ಬರುವಷ್ಟರಲ್ಲಿ ಏನೂ ಉಳಿದಿರದ ಕಾರಣವನ್ನು ಇದಕ್ಕಿಂತ ಸ್ಪಷ್ಟವಾಗಿ ತೋರಿಸುವ ಪ್ರಯೋಗ ನನಗೆ ಗೊತ್ತಿಲ್ಲ.

ಕನ್ನಡದ ಮೇಡಂ ಅವರ ಕ್ರಮ ಇನ್ನೊಂದು ಬಗೆಯದು. ಛಂದಸ್ಸಿನ ಪಾಠವೆಂದರೆ ಒಂದು ವಾರ ಭಾಮಿನಿ, ಮುಂದಿನ ವಾರ ವಾರ್ಧಕ, ಅದರ ಮುಂದಿನ ವಾರ ಕಂದ ಎಂದು ಸಾಗುವುದು ವಾಡಿಕೆ. ಹಾಗೆ ಮಾಡಿದರೆ ಪದ್ಯವನ್ನು ಓದುವ ಅಗತ್ಯವೇ ಬೀಳುವುದಿಲ್ಲ. ಪಾಠದ ತಲೆಬರಹವೇ ಉತ್ತರವನ್ನು ಹೇಳಿಬಿಟ್ಟಿರುತ್ತದೆ. ಅವರು ಲಕ್ಷಣಗಳನ್ನು ಕಲಿಸಿ ಮುಗಿಸಿದ ಮೇಲೆ ಬೇರೆ ಬೇರೆ ಛಂದಸ್ಸಿನ ಪದ್ಯಗಳನ್ನು ಹೆಸರು ಹೇಳದೆ ಬೆರೆಸಿ ಬರೆದು, ಪ್ರಸ್ತಾರ ಹಾಕಿ ಯಾವುದು ಯಾವುದೆಂದು ಗುರುತಿಸಲು ಬಿಡುತ್ತಿದ್ದರು. ಮೂರು ಮತ್ತು ನಾಲ್ಕು ಮಾತ್ರೆಯ ಗಣಗಳು ಸರದಿಯಂತೆ ಬಂದು ಮೊದಲ ಸಾಲಿಗೆ 14 ಮಾತ್ರೆಗಳಾದರೆ ಭಾಮಿನಿ. ಐದರ ಗಣಗಳು ನಾಲ್ಕು ಬಂದು 20 ಆದರೆ ವಾರ್ಧಕ. ನಾಲ್ಕರ ಗಣಗಳು ಮೊದಲ ಸಾಲಿನಲ್ಲಿ ಮೂರು, ಎರಡನೆಯದರಲ್ಲಿ ಐದು ಇದ್ದರೆ ಕಂದ. ತಪ್ಪುಗಳು ಹೆಚ್ಚಾಗುತ್ತಿದ್ದವು, ಸಮಯ ಹಿಡಿಯುತ್ತಿತ್ತು, ಕೆಲವರು ಗೊಣಗುತ್ತಲೂ ಇದ್ದರು. ಆದರೆ ಲಘು ಗುರು ಹಾಕುವುದಷ್ಟೇ ಅಲ್ಲದೆ, ಮುಂದಿರುವ ಪದ್ಯ ಯಾವ ಜಾತಿಯದೆಂದು ನಿರ್ಧರಿಸುವುದನ್ನೂ ನಾವು ಕಲಿತೆವು. ಪರೀಕ್ಷೆಯಲ್ಲಿ ಕೇಳುವುದೂ ಅದನ್ನೇ.

ಗಣಿತದಲ್ಲಿ ಇದೇ ಸಂಗತಿಯನ್ನು ರೋರರ್ ಮತ್ತು ಟೇಲರ್ ಎಂಬ ಸಂಶೋಧಕರು 2007ರಲ್ಲಿ ತೋರಿಸಿದರು. ಬೇರೆ ಬೇರೆ ಘನಾಕೃತಿಗಳ ಗಾತ್ರ ಕಂಡುಹಿಡಿಯುವ ಲೆಕ್ಕಗಳನ್ನು ಬೆರೆಸಿ ಮಾಡಿದವರು ಅಭ್ಯಾಸದ ಹೊತ್ತಿನಲ್ಲಿ ಹಿಂದುಳಿದರೂ, ಒಂದು ವಾರದ ನಂತರದ ಪರೀಕ್ಷೆಯಲ್ಲಿ ಒಂದೊಂದು ಬಗೆಯನ್ನೇ ಒಟ್ಟಿಗೆ ಮಾಡಿ ಮುಗಿಸಿದವರಿಗಿಂತ ಬಹಳ ಮುಂದಿದ್ದರು. ನನ್ನ ತರಗತಿಯಲ್ಲಿಯೂ ಇದನ್ನು ಕಾಣುತ್ತೇನೆ. ಚಲನೆಯ ಸಮೀಕರಣಗಳ ಅಧ್ಯಾಯದ ಕೊನೆಯ ಲೆಕ್ಕಗಳನ್ನೆಲ್ಲ ಸರಾಗವಾಗಿ ಬಿಡಿಸುವ ವಿದ್ಯಾರ್ಥಿ, ಅದೇ ಲೆಕ್ಕ ಶಕ್ತಿ ಸಂರಕ್ಷಣೆಯ ಲೆಕ್ಕಗಳ ನಡುವೆ ಬಂದಾಗ ಯಾವ ಸೂತ್ರ ಹಿಡಿಯಬೇಕೆಂದು ತಿಳಿಯದೆ ನಿಂತುಬಿಡುತ್ತಾನೆ.

ಬಾಯಿಪಾಠವನ್ನು ಹಗುರವಾಗಿ ಕಾಣುವವರ ಮಾತನ್ನು ನಾನು ಒಪ್ಪುವುದಿಲ್ಲ. ಮಗ್ಗಿಯನ್ನೋ ಪದ್ಯವನ್ನೋ ನೋಡದೆ ಹೇಳುವುದು ನೆನಪಿನಿಂದ ಎತ್ತಿ ತೆಗೆಯುವ ಕೆಲಸವೇ ಆಗಿದೆ. ಅರ್ಥ ತಿಳಿಯದೆ ಅಲ್ಲಿಗೇ ನಿಂತರೆ ಮಾತ್ರ ಅದು ಸಾಲದು.

ಎಷ್ಟು ಗಂಟೆ ಓದಬೇಕೆಂದು ಮಕ್ಕಳೂ ಪೋಷಕರೂ ನನ್ನನ್ನು ಕೇಳುತ್ತಲೇ ಇರುತ್ತಾರೆ. ಪುಸ್ತಕ ಮುಚ್ಚಿ ಎಷ್ಟು ಪ್ರಶ್ನೆಗಳಿಗೆ ಉತ್ತರಿಸಿದೆ ಎಂಬ ಲೆಕ್ಕ ಇಡುವುದು ಮೇಲು ಎಂದು ನಾನು ಹೇಳುತ್ತೇನೆ. ನಿದ್ದೆಗೆಟ್ಟು ಓದಬೇಡಿ, ಕಲಿತದ್ದು ನೆನಪಿನಲ್ಲಿ ನೆಲೆಗೊಳ್ಳುವುದಕ್ಕೆ ನಿದ್ದೆ ಬೇಕು. ಓದುವ ಹೊತ್ತಿನಲ್ಲಿ ಮೊಬೈಲ್ ಬೇರೆ ಕೋಣೆಯಲ್ಲಿರಲಿ. ಎಸ್‌ಎಸ್‌ಎಲ್‌ಸಿ ವಿದ್ಯಾರ್ಥಿಗಳಿಗೆ ಇನ್ನೊಂದು ಮಾತು: ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿ ಪ್ರಕಟಿಸುವ ಮಾದರಿ ಪ್ರಶ್ನೆಪತ್ರಿಕೆಗಳನ್ನು ಮಾದರಿ ಉತ್ತರಗಳ ಪಕ್ಕದಲ್ಲಿಟ್ಟುಕೊಂಡು ಓದಬೇಡಿ. ಮೊದಲು ಗಡಿಯಾರ ಮುಂದಿಟ್ಟುಕೊಂಡು ಪೂರ್ತಿ ಬರೆಯಿರಿ, ನಂತರ ಉತ್ತರಗಳೊಂದಿಗೆ ಹೋಲಿಸಿ, ತಪ್ಪಿದ ಪ್ರಶ್ನೆಗಳನ್ನಷ್ಟೇ ಬೇರೆ ಹಾಳೆಗೆ ಇಳಿಸಿಕೊಂಡು, ಒಂದು ವಾರ ಬಿಟ್ಟು ಅವುಗಳನ್ನು ಮತ್ತೆ ಬರೆದು ನೋಡಿ.